ಡಬ್ಬದಕ್ಕನ ಬೀಗರು

ನಮ್ಮಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿದೆ, ಆದರೆ ಆ ಹೆಸರಿನಿಂದ ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಬೀದಿಗೆಲ್ಲ ಅವಳು ಡಬ್ಬದಕ್ಕ. ರಟ್ಟಿನ ಡಬ್ಬ ಮಾಡುವ ಕಾರ್ಖಾನೆ ಅವಳದು. ಬಿಸ್ಕತ್ತು, ಸೋಪು, ಬಲ್ಬು, ಚಪ್ಪಲಿ, ಏನೇ ಆಗಲಿ ಅಂಗಡಿಗೆ ಹೋಗುವ ಮುಂಚೆ ಒಂದು ಡಬ್ಬದೊಳಗೆ ಕೂರಬೇಕಲ್ಲ, ಆ ಡಬ್ಬ ನಮ್ಮದು. ಯಾರ ಮನೆಗೇ ಹೋಗಲಿ, ಅಕ್ಕ ಮೊದಲು ನೋಡುವುದು ಆ ಮನೆಯವರ ಮುಖವನ್ನಲ್ಲ, ಅಟ್ಟದ ಮೇಲಿನ ಡಬ್ಬಗಳನ್ನು. ಒಂದನ್ನು ಬೆರಳಿನಿಂದ ತಟ್ಟಿ, "ಪೊಳ್ಳು. ಗೋಂದಿಗೆ ನೀರು ಸುರಿದಿದಾರೆ" ಎಂದು ತೀರ್ಪು ಕೊಟ್ಟ ಮೇಲೆಯೇ ಕುರ್ಚಿ ಎಳೆದುಕೊಳ್ಳುವುದು. ಅವಳ ಜೊತೆ ಎಲ್ಲಿಗಾದರೂ ಹೋಗಲು ನನಗೆ ನಾಚಿಕೆ.

ನಾನು ಅವಳ ತಮ್ಮ. ಕಾರ್ಖಾನೆಯಲ್ಲಿ ಲೋಡಿಂಗ್ ನೋಡಿಕೊಳ್ಳುತ್ತೇನೆ. ಹೇಳಿಕೊಳ್ಳಲು ದೊಡ್ಡ ಹುದ್ದೆ, ಮಾಡುವುದು ಲಾರಿ ಡ್ರೈವರುಗಳ ಜೊತೆ ಜಗಳ. ಹಾಗಾಗಿ ಮಾತಿನ ಮಧ್ಯೆ ನನ್ನ ದನಿ ಸ್ವಲ್ಪ ಏರಿದರೆ ಬೇಜಾರು ಮಾಡಿಕೊಳ್ಳಬೇಡಿ, ಅದು ಹೊಟ್ಟೆಪಾಡಿನ ದನಿ.

ಅಕ್ಕನಿಗೆ ಇದ್ದದ್ದು ಒಂದೇ ಆಸೆ. ಮಧ್ಯಾಹ್ನ ಊಟ ಮಾಡಿ ಮಲಗಬೇಕು. ನಗಬೇಡಿ. ಹುಡುಗಿಯಾಗಿದ್ದಾಗ ಅವಳಷ್ಟು ಚೆನ್ನಾಗಿ ನಿದ್ದೆ ಮಾಡುವವರು ನಮ್ಮ ವಂಶದಲ್ಲೇ ಇರಲಿಲ್ಲ. ತಟ್ಟೆ ತೊಳೆದಿಟ್ಟು, ಕಿಟಕಿಯ ಪಕ್ಕ ಬರಿ ನೆಲದ ಮೇಲೆ ಉರುಳಿ, ಮುಖಕ್ಕೆ ಪೇಪರು ಹೊದ್ದುಕೊಂಡರೆ ಮುಗಿಯಿತು. ಮನೆಗೆ ಬೆಂಕಿ ಬಿದ್ದರೂ ಆಮೇಲೆ ನೋಡಿಕೊಳ್ಳೋಣ ಅನ್ನುವ ಜಾತಿ. ಮದುವೆಯಾದ ಮೇಲೂ ಅದೇ. ಭಾವ ಒಂದು ಶೆಡ್ಡಿನಲ್ಲಿ ಡಬ್ಬದ ಕಾರ್ಖಾನೆ ನಡೆಸುತ್ತಿದ್ದ. "ನೀನು ಮಲಗು, ಮಷೀನು ನಾನು ನೋಡ್ಕೋತೀನಿ" ಅನ್ನುತ್ತಿದ್ದ. ಒಳ್ಳೆಯವನು. ಒಂದು ದಿನ ಆ ಮಷೀನಿನ ಪಕ್ಕದಲ್ಲೇ ಕುಸಿದು ಬಿದ್ದವನು ಏಳಲಿಲ್ಲ. ಆ ಹೊತ್ತಿನಲ್ಲಿ ಅಕ್ಕ ಮನೆಯಲ್ಲಿ ನಿದ್ದೆ ಮಾಡುತ್ತಿದ್ದಳು.

ಮಕ್ಕಳಿರಲಿಲ್ಲ. ಅಕ್ಕ ಅಮ್ಮನ ಮನೆಗೆ, ಅಂದರೆ ನಮ್ಮ ಮನೆಗೆ, ವಾಪಸ್ ಬಂದಳು, ಕಾರ್ಖಾನೆಯನ್ನೂ ಬೆನ್ನಿಗೆ ಕಟ್ಟಿಕೊಂಡು. "ಕೊಳ್ಳೋರು ಸಿಗೋವರೆಗೆ ನಡೆಸ್ತೀನಿ. ಆಮೇಲೆ ಮಲಗ್ತೀನಿ" ಎಂದಳು. ಕೊಳ್ಳುವವರು ಯಾರೂ ಬರಲಿಲ್ಲ. ಬಂದದ್ದು ಬ್ಯಾಂಕಿನವರು.

ಅದು ಭಾನುವಾರ ಬೆಳಿಗ್ಗೆ. ನಾನು ಗಡ್ಡ ಹೆರೆದುಕೊಳ್ಳುತ್ತಿದ್ದೆ. ಇಸ್ತ್ರಿ ಮುರಿಯದ ಶರ್ಟು ಹಾಕಿದ, ಕೈಯಲ್ಲಿ ಚರ್ಮದ ಚೀಲ ಹಿಡಿದ ಒಬ್ಬ ಯುವಕ ಬಾಗಿಲಲ್ಲಿ ನಿಂತಿದ್ದ. ಬ್ಯಾಂಕುಗಳಲ್ಲಿ ನಮ್ಮಂಥ ನಡುಗಾತ್ರದ ಕಾರ್ಖಾನೆಗಳನ್ನು ನೋಡಿಕೊಳ್ಳಲು ರಿಲೇಶನ್‌ಶಿಪ್ ಮ್ಯಾನೇಜರ್ ಅಂತ ಒಂದು ಹುದ್ದೆ ಇರುತ್ತದೆ. ಪಾಪ, ಆತ ನಮ್ಮಮ್ಮನಿಗೆ ಅರ್ಥವಾಗಲಿ ಎಂದು ಅದನ್ನು ಕನ್ನಡಕ್ಕೆ ತಂದ. ಅಲ್ಲೇ ಎಡವಟ್ಟಾಯಿತು.

"ನಮಸ್ಕಾರ ಅಮ್ಮಾ. ನಿಮ್ಮ ಮಗಳ ಜೊತೆ ಒಂದು ಒಳ್ಳೇ ಸಂಬಂಧ ಬೆಳೆಸೋಣ ಅಂತ ಬಂದಿದೀನಿ."

ಅಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾರು ಕಳಿಸಿದ್ದಪ್ಪಾ?"

"ಹೆಡ್ ಆಫೀಸಿಂದಮ್ಮ."

ಹೆಡ್ ಆಫೀಸ್ ಅಂದರೆ ಹುಡುಗನ ದೊಡ್ಡಪ್ಪನ ಅಡ್ಡಹೆಸರು ಅಂದುಕೊಂಡಳೋ ಏನೋ, ದೇವರಿಗೇ ಗೊತ್ತು. "ಅವಳಿಗೆ ಒಂದ್ಸಲ ಆಗಿ ಮುಗಿದಿದೆ. ವಿಷಯ ಗೊತ್ತು ತಾನೆ?"

"ಗೊತ್ತಮ್ಮ. ಹಳೇದೆಲ್ಲ ನಮಗೆ ಬೇಡ. ಹೊಸದಾಗಿ ಶುರು ಮಾಡೋಣ. ಒಬ್ಬರೇ ಎಲ್ಲಾ ನಿಭಾಯಿಸ್ತಿದಾರಲ್ಲ, ನಮಗೆ ಹಿಡಿಸಿದ್ದೇ ಅದು."

ಅಮ್ಮನ ಮುಖ ಮೆತ್ತಗಾಯಿತು. ದಿಂಬಿರುವ ಕುರ್ಚಿಯಲ್ಲಿ ಕೂರಿಸಿದಳು. "ಸ್ವಂತ ಮನೆ ಇದೆಯಾ?"

"ಇಲ್ಲಮ್ಮ, ಬಾಡಿಗೆ. ಇದು ನಿಮ್ಮ ಸ್ವಂತದ್ದಾ?"

"ಸ್ವಂತದ್ದೇ."

"ಯಾರ ಹೆಸರಲ್ಲಿದೆ? ಪತ್ರಗಳೆಲ್ಲ ಸರಿಯಾಗಿದೆಯಾ?"

ಅಮ್ಮ ಬಚ್ಚಲಿನ ಬಾಗಿಲಿಗೆ ಬಂದು ನನ್ನ ಕಿವಿಯಲ್ಲಿ, "ಹುಡುಗ ಪರವಾಗಿಲ್ಲ ಕಣೋ. ಆದ್ರೆ ಮನೆ ಮೇಲೆ ಕಣ್ಣು" ಎಂದಳು. ನಾನು ಅರ್ಧ ಮುಖಕ್ಕೆ ನೊರೆ ಇಟ್ಟುಕೊಂಡೇ ಹೊರಗೆ ಬಂದೆ. ಆತ ಎದ್ದು ನಿಂತು ನನಗೂ ಕೈ ಮುಗಿದು, "ನಮ್ಮದು ದೀರ್ಘಕಾಲದ ಸಂಬಂಧ ಸಾರ್. ಕೈ ಹಿಡಿದ್ರೆ ಬಿಡೋ ಮಾತೇ ಇಲ್ಲ" ಎಂದ.

ಅಷ್ಟರಲ್ಲಿ ಅಕ್ಕ ಒದ್ದೆ ಕೂದಲು ಒರೆಸುತ್ತ ಬಂದು, "ಓ, ಬ್ಯಾಂಕಿನವರಾ? ಇವತ್ತೇ ಬಂದ್ರಾ?" ಎಂದಳು. ಅಮ್ಮನ ಮುಖ ಆಗ ಹೇಗಾಯಿತು ಅನ್ನುವುದನ್ನು ನೆನೆಸಿಕೊಂಡು ನಾನು ಇವತ್ತಿಗೂ ಒಬ್ಬನೇ ನಗುತ್ತೇನೆ. ಆತ ಚೀಲದಿಂದ ಹಾಳೆಗಳನ್ನು ತೆಗೆದು, "ಮೊದಲಿಗೆ ನಿಮಗೆ ಓಡಿ ಕೊಡ್ತೀವಿ" ಎಂದ. ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ, ಬೇಕಾದಾಗ ತೆಗೆದು ಬಳಸಿ ತುಂಬುವ ಸಾಲಕ್ಕೆ ಬ್ಯಾಂಕಿನವರು ಓಡಿ ಅನ್ನುತ್ತಾರೆ. ಅಮ್ಮ ಅಡುಗೆಮನೆಯಿಂದಲೇ, "ಬಂದ ದಿನವೇ ಓಡಿ ಅಂತಾನಲ್ಲೇ. ಎಲ್ಲಿಗೆ ಓಡೋದು?" ಎಂದು ಕೇಳಿದಳು. ಅಕ್ಕ ಬಿದ್ದು ಬಿದ್ದು ನಕ್ಕಳು. ಭಾವ ಹೋದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ಅದಕ್ಕೋ ಏನೋ, ಅಮ್ಮ ಆಮೇಲೆ ಸಾಲಕ್ಕೆ ಅಡವಾಗಿ ಮನೆಪತ್ರ ಕೊಡುವಾಗ ಎದುರಾಡಲಿಲ್ಲ.

ಅವತ್ತಿನಿಂದ ಬ್ಯಾಂಕಿನವರು ನಮ್ಮ ಮನೆಯಲ್ಲಿ ಬೀಗರು. "ಬೀಗರ ಮನೆಗೆ ಹೋಗ್ಬರ್ತೀನಿ" ಎಂದು ಅಕ್ಕ ಹೊರಟರೆ ಸಾಕು, ಅಮ್ಮ, "ಬರಿಗೈಲಿ ಹೋಗ್ಬೇಡ, ಚೆಕ್ ಪುಸ್ತಕ ತಗೊಂಡ್ಹೋಗು" ಅನ್ನುವಳು.

ಸುಳ್ಳು ಯಾಕೆ ಹೇಳಲಿ, ಬೀಗರು ಉಪಕಾರ ಮಾಡಿದರು. ದೂರದ ದೇಶದಿಂದ ಡಬ್ಬದ ಮೇಲೆ ಅಚ್ಚು ಹಾಕುವ ಮಷೀನು ತರಿಸಬೇಕಾಗಿತ್ತು. ಹಣ ಬಾರದೆ ಅವರು ಕಳಿಸುವುದಿಲ್ಲ, ಮಷೀನು ನೋಡದೆ ನಾವು ಕೊಡುವುದಿಲ್ಲ. ಬ್ಯಾಂಕು ಮಧ್ಯೆ ನಿಂತು ಇಬ್ಬರಿಗೂ ಮಾತು ಕೊಟ್ಟಿತು. ಮಷೀನು ಹಡಗಿನಲ್ಲಿ ಬಂತು. ಕೆಲಸಗಾರರ ಸಂಬಳ ಅದೇ ಬ್ಯಾಂಕಿನ ಖಾತೆಗಳಿಗೆ ಹೋಯಿತು. ಗೋಡೌನಿಗೆ ಬೆಂಕಿಯ ವಿಮೆ, ನಮಗೆಲ್ಲ ಆಸ್ಪತ್ರೆಯ ವಿಮೆ, ವ್ಯಾನುಗಳ ಸಾಲ, ಪೇಪರ್ ಮಿಲ್ಲಿಗೆ ಹಣ ಕಳಿಸುವುದು, ಬಿಸ್ಕತ್ತು ಕಂಪನಿಯವರು ತಡ ಮಾಡಿದರೆ ಅವರ ಬಿಲ್ಲಿನ ಮೇಲೆ ಬ್ಯಾಂಕೇ ಮುಂಗಡ ಕೊಟ್ಟು ತನ್ನ ಪಾಲು ಮುರಿದುಕೊಳ್ಳುವುದು, ಎಲ್ಲ ಅಲ್ಲೇ. ಒಂದು ಫೋನು ಮಾಡಿದರೆ ಆಯಿತು. "ಹತ್ತು ಬಾಗಿಲು ತಟ್ಟೋದು ತಪ್ತು ಕಣೋ" ಎಂದು ಅಕ್ಕ ಖುಷಿಪಟ್ಟಳು. ಬೇರೆ ಬಾಗಿಲುಗಳ ದಾರಿಯೇ ಮರೆತುಹೋಗುತ್ತಿದೆ ಎಂದು ಆಗ ನಮಗೆ ಹೊಳೆಯಲಿಲ್ಲ.

ಮೊದಲನೆಯ ಅಳಿಯ, ಅಂದರೆ ಅವತ್ತು ಬಂದಿದ್ದ ಮ್ಯಾನೇಜರು, ಬಡ್ತಿ ಸಿಕ್ಕಿ ಹೋದ. ಎರಡನೆಯ ಅಳಿಯ ಬಂದ. ಅವನು ಬರುವ ಮುಂಚೆ ಅವನ ಸೆಂಟು ಬರುತ್ತಿತ್ತು. ಅವನ ಕಾಲದಲ್ಲೇ ಬೇರೆ ಬ್ಯಾಂಕಿನವರೊಬ್ಬರು ಕಡಿಮೆ ಬಡ್ಡಿ ಹೇಳಿದರು. ಅಕ್ಕನಿಗೂ ಆಸೆಯಾಗಿ, ವಿಚಾರಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದಳು. ಓಡಿ ಬದಲಾಯಿಸಬೇಕಾದರೆ ಮನೆಪತ್ರ ಬಿಡಿಸಬೇಕು. ಪತ್ರ ಮಷೀನಿನ ಸಾಲಕ್ಕೂ ಕಟ್ಟಿದೆ. ಮಷೀನಿನ ಸಾಲದ ರಿಯಾಯಿತಿ ಸಂಬಳದ ಖಾತೆಗಳು ಅಲ್ಲಿರುವವರೆಗೆ ಮಾತ್ರ. ಆ ಖಾತೆಗಳನ್ನು ತೋರಿಸಿ ಸಾಲ ಎತ್ತಿ ನಮ್ಮ ಕೆಲಸಗಾರರು ಮನೆ ಕಟ್ಟಿದ್ದಾರೆ, ಬೈಕು ತೆಗೆದಿದ್ದಾರೆ. ಒಂದು ಎಳೆ ಹಿಡಿದು ಎಳೆದರೆ ಸ್ವೆಟರ್ ಪೂರ್ತಿ ಬಿಚ್ಚಿಕೊಳ್ಳುವ ಹಾಗೆ. ಸಾಲದ್ದಕ್ಕೆ ನಮಗೆ ರಟ್ಟು ಕೊಡುವ ಪೇಪರ್ ಮಿಲ್ಲಿನವರೂ, ನಮ್ಮ ಡಬ್ಬ ಕೊಳ್ಳುವ ಬಿಸ್ಕತ್ತಿನವರೂ ಅದೇ ಬ್ಯಾಂಕಿನವರು. "ಹೆಣ್ಣು ಕೊಟ್ಟಲ್ಲೇ ತಂದು, ತಂದಲ್ಲೇ ಕೊಟ್ಟು, ಈಗ ಜಗಳ ಆಡೋಕೂ ಒಬ್ಬ ಹೊರಗಿನವನು ಸಿಗಲ್ಲ" ಎಂದಳು ಅಮ್ಮ. ನಾನು ಹೋದ ಹಾಗೇ ವಾಪಸ್ ಬಂದೆ.

ಅದೇ ವರ್ಷ ಹೆಡ್ ಆಫೀಸಿನ ಇಬ್ಬರು ಸಾಹೇಬರು ಕಾರ್ಖಾನೆ ನೋಡಲು ಬಂದರು. ಓಡಿಯ ಮಿತಿ ಏರಿಸಬೇಕಿತ್ತು. ಅಕ್ಕ ರಟ್ಟಿನ ಧೂಳಿನಲ್ಲಿ ಮುಳುಗಿ ಒಂದೊಂದು ಮಷೀನನ್ನೂ ತೋರಿಸಿದಳು. ಎಲ್ಲ ಮುಗಿದ ಮೇಲೆ ಅವರಲ್ಲಿ ದಪ್ಪ ಕನ್ನಡಕದವನು, "ಅದು ಸರಿ, ಇಲ್ಲಿ ನಿಜವಾಗಿ ನಡೆಸೋರು ಯಾರು?" ಎಂದು ಕೇಳಿದ. ಕೇಳಿದ್ದು ಅವಳನ್ನು, ನೋಡಿದ್ದು ನನ್ನನ್ನು. ನಾನು ಲಾರಿಗೆ ಹಗ್ಗ ಬಿಗಿಯುತ್ತಿದ್ದೆ!

ಅಕ್ಕನ ಕಿವಿ ಕೆಂಪಗಾಯಿತು. "ಸ್ವಾಮೀ, ನಾನಿಲ್ದೆ ಇಲ್ಲಿ ಒಂದು ಡಬ್ಬದ ಬಾಯೂ ಮುಚ್ಚಲ್ಲ" ಎಂದಳು.

ಅವರು ನಕ್ಕರು. ಮಾತು ಹಿಡಿಸಿತು. ಮಿತಿ ಏರಿತು. ಅಕ್ಕನ ಬಗ್ಗೆ ನನಗೆ ಅವತ್ತು ಎಷ್ಟು ಹೆಮ್ಮೆಯಾಯಿತೆಂದರೆ, ಒಬ್ಬ ಡ್ರೈವರಿನ ಜೊತೆಯೂ ಜಗಳ ಆಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ. ನಮ್ಮ ವಿಷಯದಲ್ಲಿ ಮುತ್ತಾದರೂ ಒಡೆದಿದ್ದರೆ ಚೆನ್ನಾಗಿತ್ತು.

ವರ್ಷಗಳು ಹೋದವು. ಅಕ್ಕನ ತಲೆ ಬೆಳ್ಳಗಾಯಿತು. ಮಧ್ಯಾಹ್ನದ ಹೊತ್ತು ಗೋಂದಿನ ಹಂಡೆಯ ಪಕ್ಕ ನಿಂತೇ ತೂಕಡಿಸುವಳು. ಮಷೀನು ಸದ್ದು ಬದಲಿಸಿದರೆ ಬೆಚ್ಚಿ ಕಣ್ಣು ಬಿಡುವಳು. ರಟ್ಟಿನ ಧೂಳು ಎದೆಗಿಳಿದು ಕೆಮ್ಮು ಬೇರೆ. ಮೂರನೆಯ ಸಲ ಬ್ಯಾಂಕಿನಿಂದ ಬಂದದ್ದು ಹೆಣ್ಣುಮಗಳು. ಅವಳನ್ನು ಅಳಿಯ ಅನ್ನಲಾಗದೆ ಅಮ್ಮ ಸೊಸೆ ಅಂದಳು. ಒಳ್ಳೆಯ ಹುಡುಗಿ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವಳು. ಅಕ್ಕನ ಕೆಮ್ಮಿಗೆ ಔಷಧಿ ತಂದುಕೊಟ್ಟವಳೂ ಅವಳೇ, ಅದೇ ಉಸಿರಿನಲ್ಲಿ ಇನ್ನೊಂದು ವಿಮೆ ಮಾಡಿಸಿದವಳೂ ಅವಳೇ. ಅವಳಿಗೂ ತಿಂಗಳ ಕೊನೆಗೆ ಮೇಲಿನವರ ಬೈಗುಳ ಇರುತ್ತದಂತೆ.

ಆ ಸೊಸೆಯೇ ಒಂದು ದಿನ ಕಾರ್ಖಾನೆಗೆ ಬಂದು, ಪಿನ್ನು ಹೊಡೆಯುವ ಸದ್ದಿನ ನಡುವೆ ಕೂಗಿ ಹೇಳಿದಳು. "ಮೇಡಂ, ಮಾರಬೇಕು ಅಂತ ಯಾವಾಗ್ಲೂ ಅಂತಿದ್ರಲ್ಲ. ಒಬ್ಬರು ಸಿಕ್ಕಿದಾರೆ!"

ಕೊಳ್ಳುವವನು ಪಕ್ಕದ ಊರಿನ ಡಬ್ಬದ ಕಾರ್ಖಾನೆಯ ಮಾಲೀಕ. ನಮಗಿಂತ ದೊಡ್ಡ ಕಾರ್ಖಾನೆ, ದೊಡ್ಡ ಹೊಟ್ಟೆ. ನಾವು ಅವನಿಗೆ ದೊಡ್ಡ ಡಬ್ಬ ಎನ್ನುತ್ತಿದ್ದೆವು. ಅವನೂ ಅದೇ ಬ್ಯಾಂಕಿನ ಗಿರಾಕಿ. ಕೊಳ್ಳಲು ಹಣ ಬ್ಯಾಂಕು ಕೊಡುತ್ತದೆ, ಬೆಲೆ ಕಟ್ಟುವವರನ್ನು ಬ್ಯಾಂಕು ಕಳಿಸುತ್ತದೆ, ಬಂದ ಹಣದಲ್ಲಿ ಅಕ್ಕನ ಸಾಲ ಬ್ಯಾಂಕು ತೀರಿಸಿಕೊಳ್ಳುತ್ತದೆ, ಮನೆಪತ್ರ ಬಿಡುತ್ತದೆ, ಕೆಲಸಗಾರರು ಇದ್ದಲ್ಲೇ ಇರುತ್ತಾರೆ. "ನೋಡು," ಎಂದಳು ಅಮ್ಮ, "ಆವತ್ತು ನಾನು ಅಂದ್ಕೊಂಡಿದ್ದೇ ಸರಿ. ಕೊನೆಗೂ ಒಂದು ಸಂಬಂಧ ತಂದ್ರು."

ಆ ಸಂಜೆ ಅಕ್ಕ ಒಂದು ದಿಂಬು ಕೊಂಡು ತಂದಳು. ಹತ್ತಿಯದು, ನೀಲಿ ಗೀಟಿನ ಗವಸು. ಅಂಗಡಿಯವನು ಅದನ್ನು ಡಬ್ಬದಲ್ಲಿ ಹಾಕಿ ಕೊಡಲು ಬಂದರೆ, "ಡಬ್ಬ ಬೇಡಪ್ಪಾ, ಸಾಕಾಗಿದೆ" ಎಂದಳಂತೆ. ಕಿಟಕಿಯ ಪಕ್ಕ ನೆಲ ಒರೆಸಿ, ದಿಂಬಿಟ್ಟು, ಒಮ್ಮೆ ತಲೆ ಒರಗಿಸಿ ನೋಡಿ, ಎತ್ತಿ ಬೀರುವಿನಲ್ಲಿಟ್ಟಳು. "ಈಗಲೇ ಮಲಗಿದ್ರೆ ದೃಷ್ಟಿಯಾಗುತ್ತೆ. ಎಲ್ಲ ಮುಗೀಲಿ" ಎಂದಳು. ಆ ವಾರವೆಲ್ಲ ಅವಳು ಮೆಟ್ಟಿಲು ಹತ್ತುವಾಗ ಹಾಡು ಗುನುಗುತ್ತಿದ್ದಳು. ಶ್ರುತಿಯಿಲ್ಲದ ಹಾಡು, ಆದರೂ ನನಗೆ ಕೇಳುತ್ತಲೇ ಇರಬೇಕು ಅನಿಸುತ್ತಿತ್ತು.

ಒಪ್ಪಂದಕ್ಕೆ ಕರೆದರು. ಬ್ಯಾಂಕಿನ ಒಳಗೊಂದು ಗಾಜಿನ ಕೋಣೆ. ನಡುಗುವಷ್ಟು ತಣ್ಣಗೆ, ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಗಿಡ, ಹೊರಗಿನವರೆಲ್ಲ ಕಾಣುತ್ತಾರೆ, ಅವರ ಮಾತು ಮಾತ್ರ ಕೇಳುವುದಿಲ್ಲ. ಒಂದು ಕಡೆ ದೊಡ್ಡ ಡಬ್ಬ, ಇನ್ನೊಂದು ಕಡೆ ಅಕ್ಕ ಮತ್ತು ನಾನು, ನಡುವೆ ಸೊಸೆ. ಅವಳು ಅವತ್ತು ನಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ.

"ಎಲ್ಲಾ ಮಂಜೂರಾಗಿದೆ ಮೇಡಂ. ಒಂದೇ ಒಂದು ಷರತ್ತು."

"ಏನಮ್ಮಾ?"

"ಐದು ವರ್ಷ ನೀವು ಇರಬೇಕು."

"ಇರಬೇಕು ಅಂದ್ರೆ? ಬದುಕಿರಬೇಕಾ?" ಅಕ್ಕ ತಮಾಷೆ ಮಾಡಿದಳು. ಯಾರೂ ನಗಲಿಲ್ಲ.

"ಕಾರ್ಖಾನೇಲಿ ಮೇಡಂ. ದಿನಾ. ಬಿಸ್ಕತ್ತಿನವರು, ಮಿಲ್ಲಿನವರು ಎಲ್ಲ ನಿಮ್ಮ ಮುಖ ನೋಡಿ ವ್ಯವಹಾರ ಮಾಡೋರು. ನೀವು ಹೊರಟುಹೋದ್ರೆ ಅಲ್ಲಿ ಉಳಿಯೋದು ಹಳೇ ಮಷೀನು ಅಂತ ಹೆಡ್ ಆಫೀಸಲ್ಲಿ ಅಂದ್ರು. ಅಲ್ಲೀವರೆಗೆ ಮನೆಪತ್ರಾನೂ ಜಾಮೀನಿಗೆ ಇಲ್ಲೇ ಇರುತ್ತೆ."

"ನಾನು ಮಾರ್ತಿರೋದೇ ಹೋಗೋಕೆ ಕಣಮ್ಮಾ."

"ನಾನು ಎಲ್ಲಾ ರೀತಿ ಹೇಳಿ ನೋಡ್ದೆ. ಅಲ್ಲಿ ದಪ್ಪ ಕನ್ನಡಕದ ಸಾಹೇಬರಿದಾರಲ್ಲ, ಅವರು ನೀವೇ ಆಡಿದ ಮಾತು ಎತ್ತಿದ್ರು. ನಾನಿಲ್ದೆ ಒಂದು ಡಬ್ಬದ ಬಾಯೂ ಮುಚ್ಚಲ್ಲ ಅಂದಿದ್ರಂತೆ. ನಿಮ್ಮ ಮೇಲೆ ಅವರಿಗೆ ತುಂಬಾ ಗೌರವ."

ಅಕ್ಕ ನನ್ನ ಕಡೆ ಕೈ ತೋರಿಸಿದಳು. "ಇವನಿದಾನಲ್ಲ. ನನ್ನ ತಮ್ಮ. ಎಲ್ಲ ಗೊತ್ತು ಇವನಿಗೆ."

ಸೊಸೆ ನನ್ನನ್ನು ನೋಡಿ, ಮೇಜು ನೋಡಿದಳು. ದೊಡ್ಡ ಡಬ್ಬ ಚಾವಣಿ ನೋಡಿದ. ನನಗೆ ಸಿಟ್ಟೂ ಅವಮಾನವೂ ಒಟ್ಟಿಗೆ ಉಕ್ಕಿ ಬಂದವು. "ಅವಳಿಗೆ ಉಸಿರಾಡೋಕಾಗಲ್ಲ ಅಲ್ಲಿ! ಗೌರವ ಅಂತೆ ಗೌರವ! ಕಂಬಕ್ಕೆ ಕಟ್ಟಿ ಹಾಕೋದಕ್ಕೆ ನಿಮ್ಮಲ್ಲಿ ಗೌರವ ಅಂತಾರಾ?" ಎಂದು ಕೂಗಿದೆ. ಗಾಜಿನಾಚೆ ಕೂತವರು ಒಬ್ಬರೂ ತಲೆ ಎತ್ತಲಿಲ್ಲ. ಒಳಗಿನ ಸದ್ದು ಹೊರಗೆ ಹೋಗುವುದಿಲ್ಲ ಎನ್ನುವುದು ಮರೆತಿದ್ದೆ.

"ಕೆಲಸ ಏನೂ ಇಲ್ಲ ಅಕ್ಕಾ," ಎಂದ ದೊಡ್ಡ ಡಬ್ಬ, ನಿಜವಾಗಿಯೂ ಸಮಾಧಾನ ಮಾಡುವ ದನಿಯಲ್ಲಿ. "ಸುಮ್ನೆ ಕೂತಿರಿ, ಸಾಕು. ಬೇರೆ ಕ್ಯಾಬಿನ್ ಕೊಡ್ತೀನಿ. ಎಸಿ ಹಾಕಿಸ್ತೀನಿ."

ಆಲೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದಳು. ಆಲೋಚಿಸಲು ಏನಿತ್ತು? ಒಲ್ಲೆ ಎಂದರೆ ಬ್ಯಾಂಕು ಅವನಿಗೆ ಹಣ ಕೊಡುವುದಿಲ್ಲ, ಅವನು ಕೊಳ್ಳುವುದಿಲ್ಲ, ಅವಳು ಸಾಯುವವರೆಗೆ ತಾನೇ ನಡೆಸಬೇಕು. ಹೂಂ ಎಂದರೆ ಇನ್ನೊಬ್ಬನ ಕಾರ್ಖಾನೆಯಲ್ಲಿ ಕೂತಿರಬೇಕು. ಅತ್ತ ದರಿ, ಇತ್ತ ಪುಲಿ. ಬಾಗಿಲು ಹಾಕಿ ಹೋಗೋಣವೆಂದರೆ ಮೊದಲು ಹೋಗುವುದು ಅಮ್ಮನ ಮನೆ.

ಅಮ್ಮನಿಗೆ ಎಲ್ಲ ಹೇಳಿದೆವು. ಯಾವಾಗಲೂ ಏನಾದರೊಂದು ಚಟಾಕಿ ಹಾರಿಸುವವಳು ಅವತ್ತು, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ. ನಾನೇ ಅಲ್ವಾ ಪತ್ರ ತೆಗೆದು ಕೊಟ್ಟಿದ್ದು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮನೆ ಹೋದ್ರೆ ಹೋಗ್ಲಿ ಮಗಾ. ಯಾವ ಮೂಲೇಲಾದ್ರೂ ಇರ್ತೀನಿ. ನೀನು ಬಿಟ್ಟು ಬಾ."

"ನಿನ್ನನ್ನ ಬೀದಿಗೆ ತಂದು ನಾನು ಎಲ್ಲಿ ಮಲಗ್ಲಿ ಅಮ್ಮಾ?" ಎಂದಳು ಅಕ್ಕ.

ಮರುದಿನ ಹೋಗಿ ರುಜು ಹಾಕಿದಳು.

ದೊಡ್ಡ ಡಬ್ಬ ಮಾತಿಗೆ ತಪ್ಪುವವನಲ್ಲ. ಕ್ಯಾಬಿನ್ ಕೊಟ್ಟ, ಎಸಿ ಹಾಕಿಸಿದ, ಉದ್ದದ ಸೋಫಾ ತರಿಸಿದ. ಬಿಸ್ಕತ್ತಿನವರು ಬಂದರೆ, ಮಿಲ್ಲಿನವರು ಬಂದರೆ, ಬೀಗರು ಬಂದರೆ, ಬಾಗಿಲು ತೆರೆದು ತೋರಿಸುತ್ತಾನೆ. "ನೋಡಿ, ಅಕ್ಕ ಇದ್ದಾರೆ." ಅಕ್ಕ ಕೈ ಮುಗಿಯುತ್ತಾಳೆ. ಬಾಗಿಲು ಮುಚ್ಚುತ್ತದೆ. ಹಳೆಯ ಕೆಲಸಗಾರರು ಅಭ್ಯಾಸಬಲದಿಂದ ಇಣುಕಿ, "ಅಕ್ಕಾ, ಗೋಂದು ಸಾಲ್ತಾ ಇಲ್ಲ" ಅನ್ನುತ್ತಾರೆ. "ಅವರನ್ನ ಕೇಳಪ್ಪಾ" ಅನ್ನುತ್ತಾಳೆ. ಮೊನ್ನೆ ಲಾರಿಗೆ ಏರಿಸುವಾಗ ಹೊರಗೆ ಬಂದು ಒಂದು ಡಬ್ಬ ತಟ್ಟಿ ನೋಡಿದಳು. ಇನ್ನೊಂದು ತಟ್ಟಿದಳು. ನನ್ನ ಮುಖ ನೋಡಿದಳು. ನನಗೂ ಕೇಳಿಸಿತ್ತು, ಪೊಳ್ಳು. ಆ ಡಬ್ಬಗಳನ್ನು ಬಿಸ್ಕತ್ತಿನವರು ಕೊಳ್ಳುವುದು ಇವತ್ತಿಗೂ ಅವಳ ಮುಖ ನೋಡಿಯೇ. ದೊಡ್ಡ ಡಬ್ಬನಿಗೆ ಹೇಳಿದರೆ, "ಬಿಡಿ ಅಕ್ಕಾ, ನೀವ್ಯಾಕೆ ತಲೆ ಕೆಡಿಸ್ಕೋತೀರಿ, ಒಳಗೆ ತಂಪಿಗೆ ಕೂತ್ಕೊಳ್ಳಿ" ಎಂದ.

ಮಾರನೆಯ ದಿನ ಅವಳು ಮನೆಯಿಂದ ಹೊರಡುವಾಗ ಕಂಕುಳಲ್ಲಿ ನೀಲಿ ಗೀಟಿನ ದಿಂಬು ಇತ್ತು. ಅಮ್ಮ ನೋಡಿಯೂ ನೋಡದ ಹಾಗೆ ಒಳಗೆ ಹೋದಳು.

ಮಧ್ಯಾಹ್ನ ಊಟವಾದ ಮೇಲೆ ಅಕ್ಕ ನನ್ನನ್ನು ಕರೆಸಿದಳು. ಸೋಫಾದ ಮೇಲೆ ದಿಂಬಿಟ್ಟುಕೊಂಡು ಕೂತಿದ್ದಳು. ಮುಖಕ್ಕೆ ಹೊದೆಯಲು ಪೇಪರೂ ಇತ್ತು. ಗೋಡೌನಿನ ಹಳೆಯ ಬೀಗ ಮತ್ತು ಅದರ ಕೀ ನನ್ನ ಕೈಗಿಟ್ಟಳು.

"ಲೋ, ಹೊರಗಿಂದ ಬೀಗ ಹಾಕು. ಯಾರೂ ಇಲ್ಲ ಅಂದ್ಕೊಂಡು ಹೋಗ್ಲಿ. ಒಂದು ಗಂಟೆ ಬಿಟ್ಟು ಬಾ."

"ಅಕ್ಕಾ, ಏನಿದು, ಒಳಗಿಂದ ಚಿಲಕ ಹಾಕ್ಕೊಂಡ್ರೆ ಆಗಲ್ವಾ?"

"ತಟ್ತಾರೆ ಕಣೋ. ತಟ್ಟಿದ್ರೆ ಏಳ್ತೀನಿ. ಗೊತ್ತಲ್ಲ ನಿಂಗೆ."

ಬಾಗಿಲು ಎಳೆದುಕೊಂಡೆ. ಇಷ್ಟು ವರ್ಷ ಎಷ್ಟು ಲಾರಿಗಳಿಗೆ, ಎಷ್ಟು ಗೋಡೌನುಗಳಿಗೆ ಬೀಗ ಹಾಕಿದ್ದೇನೆ. ಆ ಬೀಗವನ್ನು ಕೊಂಡಿಗೆ ಸಿಕ್ಕಿಸುವಾಗ ಮಾತ್ರ ಎರಡು ಸಲ ತೂತು ತಪ್ಪಿತು. ಒಳಗೆ ಪೇಪರು ಬಿಡಿಸುವ ಸದ್ದು, ಒಂದು ಕೆಮ್ಮು, ಆಮೇಲೆ ಅಕ್ಕನ ದನಿ.

"ಸರಿಯಾಗಿ ಬಿತ್ತಾ ನೋಡೋ."

ಎಳೆದು ನೋಡಿದೆ. ಬಿದ್ದಿತ್ತು.